ಬೊಂಡಾಸಿನ ನರ ತೋರಿಸಿದವಳು

ನಿನ್ನ ಗುರುತೇ ಇಲ್ಲವೆಂದು ನಾನು ಸುಳ್ಳು ಹೇಳಿದೆ, ಲಚ್ಚಕ್ಕ. ನೀನು ಎದುರಿಗೇ ನಿಂತು ಅದನ್ನು ಕೇಳಿಸಿಕೊಂಡೆ.

ಮೀನು ಮುಟ್ಟಿದ್ದಕ್ಕೆ ಇಲ್ಲಿ ತಪ್ಪೊಪ್ಪಿಕೊಳ್ಳುತ್ತಿಲ್ಲ. ಕೋಟದ ಪೂಜೆ ಭಟ್ಟರ ಮಗನಾದ ನಾನು ಬೀಜಾಡಿಯಲ್ಲಿ ಮೀನು ಮಾರುವ ನಿನ್ನ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಮಸಿ ಕಾರುವ ಬೊಂಡಾಸನ್ನು — ಇಂಗ್ಲಿಷಿನ ಸ್ಕ್ವಿಡ್ — ಸೀಳಿದ್ದು ನಿಜ. ಇಂದೂ ಸೀಳಿಯೇನು. ಯಾರಿಗೆ ಮೈಲಿಗೆಯೋ ಅವರು ಮಿಂದುಕೊಳ್ಳಲಿ!

ಸ್ವಾತಂತ್ರ್ಯ ಬಂದ ಮರುವರ್ಷ. ಮದರಾಸಿನಲ್ಲಿ ಬಿ.ಎಸ್ಸಿ. ಓದುತ್ತಿದ್ದವನು ರಜೆಗೆ ಬಂದಿದ್ದೆ. ಜೀವಂತ ನರವನ್ನು ವಿದ್ಯುತ್ ಮಂಡಲವಾಗಿ ಬರೆಯಬಹುದೆಂದು ಅಲ್ಲಿ ಕಲಿತಿದ್ದೆ — ನರದ ತೆಳುಪೊರೆ ವಿದ್ಯುತ್ತನ್ನು ಹಿಡಿದಿಡುವ ಒಂದು ಕಂಡೆನ್ಸರ್. ಪೊರೆಯಲ್ಲಿ ಉಪ್ಪಿನ ಕಣಗಳು ನುಸುಳುವ ದಾರಿ ಒಂದು ರೆಸಿಸ್ಟರ್, ಅಂದರೆ ತಡೆ. ಒಳಗಿನ ಉಪ್ಪಿಗೂ ಹೊರಗಿನ ಉಪ್ಪಿಗೂ ಇರುವ ವ್ಯತ್ಯಾಸವೇ ಬ್ಯಾಟರಿ. ನರ ಕೆರಳಿದಾಗ ಆ ದಾರಿಯ ತಡೆ ಇಳಿಯುತ್ತದೆ. ಇದನ್ನೆಲ್ಲ ಬೊಂಡಾಸಿನ ದಪ್ಪ ನರದಲ್ಲಿ ಕಂಡುಕೊಂಡರಂತೆ. ಅಂಥ ನರದ ಮಾದರಿಯನ್ನು ಒಂದು ಪೆಟ್ಟಿಗೆಯಲ್ಲಿ ಜೋಡಿಸಿ ಪ್ರದರ್ಶನಕ್ಕಿಡಬೇಕೆಂದಿದ್ದ ನನಗೋ ಬೊಂಡಾಸಿನ ತಲೆ ಬಾಲ ಗೊತ್ತಿರಲಿಲ್ಲ. ಬಲೆಯಿಂದ ಆಗಷ್ಟೇ ಬಂದದ್ದೊಂದನ್ನು ಮೊದಲು ನೀನು ಸೀಳಿ, ಬಿಳಿ ನೂಲಿನಂಥ ನರವನ್ನು ಉಗುರಲ್ಲಿ ಎತ್ತಿ ತೋರಿಸಿದೆ. ನಾನೂ ಒಂದನ್ನು ಸೀಳಿ, ನರಕ್ಕೆ ಬ್ಯಾಟರಿಯ ತಂತಿ ಮುಟ್ಟಿಸಿದೆ — ಮಾಂಸ ಅದುರಿತು.

"ಹ್ವಾಯ್ ಸಣ್ ಭಟ್ರೇ, ಸತ್ತದ್ದ್ ಹಂದ್ತ್ ಕಾಣಿ!" ಎಂದು ನೀನು ನಕ್ಕೆ. "ನಿಮ್ ಪೆಟ್ಗಿ ಆದ್ಮೇಲೆ ನಂಗೂ ತೋರ್ಸ್ಕ್."

ತೋರಿಸುತ್ತೇನೆಂದು ಮಾತು ಕೊಟ್ಟೆ.

ಕುಂದಾಪುರದ ಶಾಲೆಯೊಂದರಲ್ಲಿ ಪ್ರದರ್ಶನ. ಹಳೇ ರೇಡಿಯೋದ ಸಾಮಾನು ಜೋಡಿಸಿ ಪೆಟ್ಟಿಗೆ ಮಾಡಿದ್ದೆ. ಗುಂಡಿ ತಿರುಗಿಸಿ ತಡೆ ಇಳಿಸಿದರೆ ಮೀಟರಿನ ಮುಳ್ಳು ನೆಗೆಯುತ್ತಿತ್ತು. ಅಪ್ಪನೂ ದೇವಸ್ಥಾನದ ಮೊಕ್ತೇಸರರೂ ನಿಂತು ಮೆಚ್ಚುತ್ತಿದ್ದರು. ಆಗ ನೀನು ಒಗೆದ ಸೀರೆ ಉಟ್ಟು, ತಲೆಯ ಮೇಲೆ ಬುಟ್ಟಿಯಿಲ್ಲದೆ, ಬಾಗಿಲಿಗೆ ಬಂದೆ.

"ಸಣ್ ಭಟ್ರೇ, ನಮ್ ಬೊಂಡಾಸಿನ್ ಪೆಟ್ಗಿ ಎಲ್ಲಿತ್ತ್?"

ಮೊಕ್ತೇಸರರು ನನ್ನ ಕಡೆ ತಿರುಗಿದರು. "ಇದ್ ಯಾರ್ ಮಾರಾಯಾ?"

"ನಂಗೊತ್ತಿಲ್ಲ. ಮೀನ್ ಮಾರುಕ್ ಬಂದದ್ದಾಯ್ಕ್."

ನಿನ್ನನ್ನು ಹೊರಗೆ ಕಳಿಸಿದರು. ನಾನು ಗುಂಡಿ ತಿರುಗಿಸುತ್ತಲೇ ಇದ್ದೆ. ನಿಜ ಹೇಳಿದ್ದರೆ ಅಪ್ಪನ ಪೂಜೆ ಕೈತಪ್ಪಿ ಹೋಗುತ್ತಿತ್ತು, ಮನೆಯವರೆಲ್ಲ — ಇಲ್ಲ, ಆ ಮಾತು ಬೇಡ.

ಎರಡು ದಿನ ಬಿಟ್ಟು ಪೆಟ್ಟಿಗೆ ಹೊತ್ತುಕೊಂಡು ನಿನ್ನ ಅಂಗಳಕ್ಕೆ ಬಂದೆ. ಮೀನು ಕೊಯ್ಯುತ್ತಿದ್ದ ನೀನು ಕತ್ತಿಯಿಂದ ಕಣ್ಣು ತೆಗೆಯಲಿಲ್ಲ.

"ಎಂತ ಬೇಕಿತ್ತ್? ನಂಗ್ ಗುರ್ತ ಸಿಕ್ಕಿಲ್ಲ."

ತಕ್ಕ ಉತ್ತರವೇ. ಪೆಟ್ಟಿಗೆಯನ್ನು ತೆರೆಯದೆ ವಾಪಸು ಹೊತ್ತು ತಂದೆ. ಆಗೆಲ್ಲ ನಿನ್ನನ್ನು ಬರೀ ಲಚ್ಚು ಎನ್ನುತ್ತಿದ್ದೆ. ಅಕ್ಕ ಎಂದು ನನ್ನ ಬಾಯಲ್ಲಿ ಬರಲು ನೀನು ಸಾಯಬೇಕಾಯಿತು. ಇದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ನಾನು ಮೀನು ಮುಟ್ಟಿದ್ದು ಊರಿಗೆ ತಿಳಿದಿದ್ದರೆ ಊಟದ ಪಂಕ್ತಿಯಿಂದ ಎಬ್ಬಿಸುತ್ತಿದ್ದರು. ಸುಳ್ಳಾಡಿದವನನ್ನು ಯಾರೂ ಎಬ್ಬಿಸಲಿಲ್ಲ. ನನ್ನ ಅಂಗಿಯ ಮೀನಿನ ವಾಸನೆಯಿಂದ ಅಪ್ಪನಿಗೆ ಮೊದಲೇ ಎಲ್ಲ ತಿಳಿದಿತ್ತು. ಆದರೂ ಪ್ರದರ್ಶನ ಮುಗಿದ ಆ ಮಧ್ಯಾಹ್ನ ಪಂಕ್ತಿಯಲ್ಲಿ ತಮ್ಮ ಪಕ್ಕದಲ್ಲೇ ನನಗೆ ಎಲೆ ಹಾಕಿಸಿದರು. ಕೂತು ಉಂಡೆ, ಲಚ್ಚಕ್ಕ. ಪಾಯಸವನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡೆ.