ಕಿರ್ಕ್‌ವಾಲ್‌ನಿಂದ ಸಂಬರ್ಗ್‌ಗೆ ಅರ್ಧ ಗಂಟೆ

ಕಿರ್ಕ್‌ವಾಲ್‌ನಿಂದ ಸಂಬರ್ಗ್‌ಗೆ ವಿಮಾನದಲ್ಲಿ ಅರ್ಧ ಗಂಟೆಯ ದಾರಿ. ಎರಡೂ ಬ್ರಿಟನ್ನಿನ ಉತ್ತರದ ತುದಿಯಾಚೆ, ಬೇರೆ ಬೇರೆ ದ್ವೀಪಗಳಲ್ಲಿರುವ ಪುಟ್ಟ ನಿಲ್ದಾಣಗಳು. ನಾನು ಕಂಪ್ಯೂಟರಿನಲ್ಲಿ ದೂರ ನೋಡಿ ಹೇಳಿದಾಗ ಅಕ್ಕ ಫೋನಿನಲ್ಲೇ ನಕ್ಕಿದ್ದಳು.

"ಇಷ್ಟ ಏನು? ಹುಬ್ಬಳ್ಳಿ-ಧಾರವಾಡ ಆತಲ್ಲ!"

ಅಕ್ಕ ಮ್ಯಾಂಚೆಸ್ಟರಿನ ಆಸ್ಪತ್ರೆಯ ಹಗಲು-ರಾತ್ರಿ ಪಾಳಿಗೆ ಬೇಸತ್ತು ಸಂಬರ್ಗ್ ಇರುವ ಶೆಟ್ಲೆಂಡ್ ದ್ವೀಪಕ್ಕೆ ಊರ ಡಾಕ್ಟರಾಗಿ ಹೋದವಳು. ಮದುವೆಯಾಗಿರಲಿಲ್ಲ, ವಾರಿಂಗ್ಟನ್‌ನಲ್ಲಿದ್ದ ತಂಗಿ ನಾನೇ ಈ ದೇಶದಲ್ಲಿ ಅವಳ ಬಂಧು-ಬಳಗ. ಕ್ಯಾನ್ಸರ್ ಬಂದಾಗಲೂ ಆ ಕಡಲು ಬಿಟ್ಟು ಬರಲು ಒಪ್ಪಲಿಲ್ಲ. ಹಟಮಾರಿ. ವಾರಿಂಗ್ಟನ್‌ನ ನಮ್ಮ ಆಫೀಸು ನನ್ನನ್ನು ಕೆಲಸದ ಮೇಲೆ ಕಿರ್ಕ್‌ವಾಲ್‌ಗೆ ಕಳಿಸಿದಾಗ ಅವಳು ಶೆಟ್ಲೆಂಡಿನ ಆಸ್ಪತ್ರೆ ಸೇರಿದ್ದಳು. ಇನ್ನು ಹೆಚ್ಚು ದಿನವಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಕೆಲಸ ಮುಗಿದ ಮರುದಿನಕ್ಕೇ ಸಂಬರ್ಗ್‌ಗೆ ಟಿಕೆಟ್ ಮಾಡಿಸಿದೆ.

ಧಾರವಾಡದಿಂದ ಅವ್ವನ ಫೋನ್ ಬಂತು. "ನಾಳೆ ಅಮಾಸಿ ಐತಿ. ನಾಡದ ಹೋಗವಾ."

ನಮ್ಮದು ಲಿಂಗಾಯತರ ಮನೆ. ತಿಥಿ-ವಾರ ನೋಡಬೇಡಿ ಎಂದ ಶರಣರ ವಚನಗಳನ್ನು ಬೆಳಿಗ್ಗೆ ಹಾಡಿ, ಮಧ್ಯಾಹ್ನ ಪಂಚಾಂಗ ತೆಗೆಯುವ ಜನ ನಾವು. ನನಗೆ ರೇಗಿಹೋಯಿತು. ಅಕ್ಕನ ಹತ್ತಿರ ದೂರಿದರೆ ಅವಳೂ ಅವ್ವನ ಕಡೆಯೇ.

"ನೀ ಡಾಕ್ಟರೋ, ಜೋಯಿಸ್ರೋ?" ಅಂದೆ.

"ಅಕಿ ಸುಮ್ನ ಚಿಂತಿ ಮಾಡ್ಕೋತ ಕೂಡ್ತಾಳ. ನಾಡದ ಬಾ. ಒಂದ್ ದಿನದಾಗ ನಾ ಎಲ್ಲಿ ಓಡಿ ಹೊಕ್ಕೀನಿ?"

ಟಿಕೆಟ್ ಬದಲಾಯಿಸಿದೆ. ಅಮಾವಾಸ್ಯೆಯ ದಿನ ಎಂಥ ಬಿಸಿಲು ಬಿದ್ದಿತ್ತು! ನಾನು ಹೋಗಬೇಕಿದ್ದ ವಿಮಾನ ನನ್ನ ಕಣ್ಣೆದುರೇ ಹಾರಿಹೋಯಿತು.

ಮರುದಿನ ಸಂಬರ್ಗ್‌ನಲ್ಲಿ ಕಡಲ ಮಂಜು ಕವಿಯಿತು. ಇಲ್ಲಿ ವಿಮಾನ ಸಿದ್ಧ, ಪೈಲಟ್ ಸಿದ್ಧ. ಅಲ್ಲಿ ಇಳಿಯಲು ನೆಲ ಕಾಣದು. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಅಕ್ಕ ಮತ್ತೆ ಮತ್ತೆ ಫೋನ್ ಮಾಡಿ, "ಎಲ್ಲಿದ್ದಿ?" ಎಂದು ಕೇಳುತ್ತಿದ್ದಳು. "ಇಲ್ಲೇ, ಏರ್‌ಪೋರ್ಟ್‌ನಾಗ" ಎನ್ನುತ್ತಿದ್ದೆ. ಸಂಜೆಯ ಹೊತ್ತಿಗೆ ಅವಳ ಫೋನನ್ನು ನರ್ಸ್ ಹಿಡಿಯಬೇಕಾಯಿತು. ಮಾರನೆಯ ಬೆಳಿಗ್ಗೆ ಆ ಫೋನಿನಿಂದ ಮಾತಾಡಿದ್ದು ನರ್ಸ್ ಒಬ್ಬಳೇ. ಅಕ್ಕ ಹೋಗಿಬಿಟ್ಟಿದ್ದಳು.

ಮಧ್ಯಾಹ್ನ ಮಂಜು ಸರಿಯಿತು, ವಿಮಾನ ಹೊರಟಿತು. ಅರ್ಧ ಗಂಟೆಯಷ್ಟೇ ಹಿಡಿಯಿತು. ಯಾರನ್ನಾದರೂ ಹಿಡಿದು ಬಡಿಯಬೇಕು ಅನ್ನಿಸುವಷ್ಟು ಸಿಟ್ಟು ಬಂದಿತ್ತು. ಬಡಿಯಲು ಯಾರೂ ಇರಲಿಲ್ಲ. ಆಸ್ಪತ್ರೆ ತಲುಪಿದಾಗ ಅಕ್ಕನ ಕೈ ತಣ್ಣಗಿತ್ತು. ಹಣೆಗೆ ವಿಭೂತಿ ಹಚ್ಚಿ, ಅವಳ ಪಕ್ಕದಲ್ಲೇ ಕುಳಿತು ಮನಸಾರೆ ಅತ್ತೆ. ಆಮೇಲೆ ಅವ್ವನಿಗೆ ಫೋನ್ ಮಾಡಿದೆ. ಮಂಜಿನ ವಿಷಯ ಅವಳಿಗೆ ಹೇಳಿರಲಿಲ್ಲ. ನಾನು ಹಿಂದಿನ ದಿನವೇ ಅಕ್ಕನ ಬಳಿ ಹೋಗಿದ್ದೇನೆ ಎಂದುಕೊಂಡಿದ್ದಳು.

"ಅಕ್ಕ ಹೋದ್ಲವ್ವಾ."

ಅವ್ವ ಕೇಳಿದಳು, "ನೀ ಮಗ್ಗಲದಾಗ ಇದ್ದೇನು?"

"ಇದ್ದೆ."

"ಮಾತಾಡಿದ್ಲೇನು?"

"ನಿನ್ನ ಕೇಳಿದ್ಲು."

ಅವ್ವ ಅಳುತ್ತಲೇ ಹೇಳಿದಳು, "ಅಮಾಸಿ ದಾಟಿಸಿ ಹೋಗಿದ್ದು ಚಲೋ ಆತು ನೋಡು. ನಿನಗರೆ ಸಿಕ್ಕಳು."

"ಹೂಂ ಅವ್ವಾ, ಸಿಕ್ಕಳು" ಅಂದೆ.