ಅಕ್ಕನ ಇ ಡ್ರೈವ್

ಹಳೇ ಕಂಪ್ಯೂಟರಿನ ಡಬ್ಬಿ ಬಿಚ್ಚಿದಾಗ ಬರುವ ವಾಸನೆ ನಿಮಗೆ ಗೊತ್ತಿದ್ದರೆ ನೀವು ನನ್ನ ವಯಸ್ಸಿನವರೇ. ಧೂಳು, ಕಾದ ತಂತಿ; ನಮ್ಮ ಮನೆಯದಾದರೆ ಜೊತೆಗೆ ಹಲ್ಲಿಯ ಮೊಟ್ಟೆ. ಮೊನ್ನೆ ನಿಪ್ಪಾಣಿಯ ರಿಪೇರಿ ಅಂಗಡಿಯಲ್ಲಿ ಆ ವಾಸನೆ ಮೂಗಿಗೆ ಬಡಿಯಿತು. ನಮ್ಮ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ತೋರಿಸೋಣವೆಂದು ಒಯ್ದಿದ್ದೆ.

ಮೆಕ್ಯಾನಿಕ್ ಹಾರ್ಡ್ ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಜೋಡಿಸಿ ನೋಡಿದ. "ಸರ, ಇ ಡ್ರೈವ್ ಖಾಲಿ ಕಾಣತೈತ್ರಿ, ಆದ್ರ ಒಳಗ ಹಳೇ ಹಾಡು ಅದಾವ. ತಗೀಲೇನ್ರಿ?"

ಇ ಡ್ರೈವ್ ಅಕ್ಕನದು.

ಶೇಡಬಾಳದ ನಮ್ಮ ಮನೆಗೆ ಆ ಕಂಪ್ಯೂಟರ್ ಬಂದಾಗ ಡಿಸ್ಕನ್ನು ಮೂರು ಭಾಗ ಮಾಡಿದ ಶೂರ ನಾನೇ. ಕಂಪ್ಯೂಟರ್ ಕ್ಲಾಸಿಗೆ ಹೋಗತೊಡಗಿ ಹದಿನೈದೇ ದಿನವಾಗಿತ್ತು. ಓಣಿಗೆಲ್ಲ ನಾನೇ ಇಂಜಿನಿಯರ್. ಸಿ ಯಂತ್ರಕ್ಕೆ, ಡಿ ನನ್ನ ಆಟಗಳಿಗೆ, ಇ ಅಕ್ಕನಿಗೆ. ನನಗೆ ಹೆಚ್ಚು ಜಾಗ ಹಾಕಿಕೊಂಡದ್ದು ಅವಳಿಗೆ ತಿಳಿಯಲಿಲ್ಲ ಎಂದುಕೊಂಡಿದ್ದೆ. ತಿಳಿದಿತ್ತಂತೆ, ಸುಮ್ಮನಿದ್ದಳಂತೆ. ಮಧ್ಯಾಹ್ನ ಅವ್ವ ಅಡ್ಡಾದ ಮೇಲೆ ಅಕ್ಕ ಅಗ್ಗದ ಮೈಕ್ ಹಿಡಿದು ಹಾಡುತ್ತಿದ್ದಳು, ನಾನು ಅದನ್ನು ಇ ಡ್ರೈವಿಗೆ ತುಂಬುತ್ತಿದ್ದೆ.

ಆಮೇಲೆ ಅವಳು ದೀಕ್ಷೆ ತೆಗೆದುಕೊಳ್ಳುವುದು ನಿಶ್ಚಯವಾಯಿತು. ನಮ್ಮ ಜೈನರಲ್ಲಿ ಮನೆ ಬಿಟ್ಟು ಮಾತಾಜಿಯಾಗುವವರು ತಮ್ಮದೆನ್ನುವುದನ್ನೆಲ್ಲ ಬಿಡಬೇಕು. ಸೀರೆ, ಬಳೆ ಎಲ್ಲ ಕೊಟ್ಟಾದ ಮೇಲೆ ನನ್ನನ್ನು ಕರೆದಳು.

"ತಮ್ಮಾ, ನನ್ನ ಡ್ರೈವ್ ಅಳಿಸಿಬಿಡು. ಅದೂ ನನ್ನ ಆಸ್ತೀನ ಅಲ್ಲೇನು?"

"ಹಾಡು ಇರ್ಲಿ ಬಿಡಕ್ಕಾ. ಯಾರಿಗೇನು ತ್ರಾಸ?"

"ಅದರ ಮ್ಯಾಲೇ ಭಾಳ ಆಸಿ ಐತಿ. ಅದಕ್ಕ ಹೇಳಾಕತ್ತೀನಿ."

ಡ್ರೈವ್ ಅಳಿಸುವ ಫಾರ್ಮ್ಯಾಟಿನಲ್ಲಿ ಎರಡು ತರಹ. ಒಂದು ನಿಧಾನವಾಗಿ ಎಲ್ಲವನ್ನೂ ಒರೆಸುತ್ತದೆ. ಇನ್ನೊಂದು ಗಡಿಬಿಡಿಯದು; ಪಟ್ಟಿಯನ್ನಷ್ಟೇ ಹರಿದು ಹಾಕುತ್ತದೆ, ಸಾಮಾನು ಇದ್ದಲ್ಲೇ ಇರುತ್ತದೆ. ನಾನು ಎರಡನೆಯದನ್ನು ಒತ್ತಿದೆ. "ಎಲ್ಲಾ ಹೋತಾ?" ಎಂದಳು. "ಹೋತಕ್ಕಾ" ಎಂದೆ. ಮುಂದೆ ಆ ಡ್ರೈವಿನಲ್ಲಿ ನಾನು ಏನನ್ನೂ ಇಡಲಿಲ್ಲ. ಒಂದಲ್ಲ ಒಂದು ದಿನ ಅವಳು ತಿರುಗಿ ಬಂದಾಳು ಎಂಬ ಹುಚ್ಚು ನನಗಿತ್ತು.

ಈಗ ಪ್ರತಿ ಚಾತುರ್ಮಾಸದಲ್ಲಿ ಅವಳ ದರ್ಶನಕ್ಕೆ ಹೋಗುತ್ತೇನೆ. ದೂರ ಕೂತು "ವಂದಾಮಿ ಮಾತಾಜಿ" ಎನ್ನುತ್ತೇನೆ. ಎಲ್ಲರನ್ನೂ ಹರಸುವಂತೆ ನನ್ನನ್ನೂ ಹರಸುತ್ತಾಳೆ. ಅದೇ ಮುಖ, ಅದೇ ದನಿ. ತಮ್ಮಾ ಎಂದು ಮಾತ್ರ ಕರೆಯುವುದಿಲ್ಲ. ಆ ಒಂದು ಕರೆಗಾಗಿ ನಾನು ಎಷ್ಟು ಹಂಬಲಿಸಿದ್ದೇನೆಂದು ಮನೆಯಲ್ಲಿ ಯಾರಿಗೂ ಹೇಳಿಲ್ಲ, ನಿಮಗೇ ಹೇಳುತ್ತಿರುವುದು.

ಅಂಗಡಿಯಲ್ಲಿ ನಾನು ಹೂಂ ಎಂದದ್ದಕ್ಕೆ ಮೆಕ್ಯಾನಿಕ್ ಒಂದು ಹಾಡು ಹಚ್ಚಿದ. ಅರ್ಧಕ್ಕೇ ಹಾಡು ನಿಲ್ಲಿಸಿ ಅಕ್ಕ ಅಂದಳು: "ತಮ್ಮಾ, ಫ್ಯಾನ್ ಬಂದ್ ಮಾಡೋ, ಗಾಳಿ ಸಪ್ಪಳಾ ಬರಾಕತ್ತೈತಿ."

"ಮಾಡ್ದೆ ಅಕ್ಕಾ" ಎಂದುಬಿಟ್ಟೆ, ಅಷ್ಟು ಗಿರಾಕಿಗಳ ನಡುವೆ. ಮೆಕ್ಯಾನಿಕ್ ಪಾಪ, ತನ್ನ ಅಂಗಡಿಯ ಫ್ಯಾನ್ ನೋಡಿದ.

ಇನ್ನೊಮ್ಮೆ ಹಚ್ಚಿಸಿ ಕೇಳಿದೆ. ಪೆನ್ ಡ್ರೈವಿಗೆ ಹಾಕಿಕೊಡು ಎನ್ನಲು ಬಾಯಿ ತೆರೆದದ್ದೂ ನಿಜ. ಆದರೆ ಅವಳು ಬಿಟ್ಟದ್ದನ್ನು ಕದ್ದು ಇಟ್ಟುಕೊಂಡು ನಾನು ಅವಳನ್ನು ಇಷ್ಟು ವರ್ಷ ಹೋಗಗೊಡದೆ ಬಾಗಿಲಲ್ಲೇ ನಿಲ್ಲಿಸಿದ್ದೆ.

"ಪೂರಾ ಫಾರ್ಮ್ಯಾಟ್ ಮಾಡ್ರಿ. ನಿಧಾನದ್ದು."

"ಮತ್ತ ಬರೂದಿಲ್ರಿ, ಸರ."

"ಗೊತ್ತೈತ್ರಿ."

ಅಕ್ಕ ಮನೆ ಬಿಟ್ಟ ದಿನ ಊರೆಲ್ಲ ಬೀಳ್ಕೊಡಲು ನೆರೆದಿತ್ತು. ನಾನೊಬ್ಬ ಹಿತ್ತಲಲ್ಲಿ ಅಡಗಿ ಕೂತಿದ್ದೆ, ಅವಳ ಮುಖ ನೋಡಲಿಲ್ಲ. ಮೊನ್ನೆ ಸ್ಟೂಲ್ ಎಳೆದುಕೊಂಡು ಪರದೆಯ ಎದುರಿಗೇ ಕೂತೆ. ಅಳಿಸಿದ್ದು ಶೇಕಡಾ ನೂರು ಆಗುವವರೆಗೂ ಏಳಲಿಲ್ಲ.