ಪೇಶೆಂಟ್ ಕಡೆಯವರು

ಭಾನುವಾರ ಬಂತೆಂದರೆ ನಂಜನಗೂಡಿನ ನಮ್ಮ ಮನೆಯ ಹಾಲಿನಲ್ಲಿ ಇಂಗ್ಲೆಂಡಿಗೂ ಜರ್ಮನಿಗೂ ಜಗಳ. ಇಂಗ್ಲೆಂಡಿನ ಪರ ನಮ್ಮ ಯಜಮಾನರು. ತಾಂಡವಪುರದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಜರ್ಮನಿಯ ಪರ ನನ್ನ ತಮ್ಮ, ಟಿ. ನರಸೀಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಇಬ್ಬರೂ ತಿರುಪತಿ ದಾಟಿ ಆಚೆ ಹೋದವರಲ್ಲ. ವಾದ ಮಾಡಲು ಪಾಸ್‌ಪೋರ್ಟ್ ಯಾಕೆ, ಕೈಯಲ್ಲಿ ಮೊಬೈಲಿದ್ದರೆ ಸಾಕಲ್ಲ!

"ಇಂಗ್ಲೆಂಡಲ್ಲಿ ಆಪರೇಷನ್ ಮಾಡಿದ್ರೂ ಬಿಡಿಗಾಸು ಕೇಳಲ್ಲ ಕಣಯ್ಯಾ. ಎಲ್ಲಾ ತೆರಿಗೆ ದುಡ್ಡಲ್ಲೇ," ಎಂದು ಇವರು.

"ಕೇಳಲ್ಲ ಭಾವ, ಆದ್ರೆ ಬೇಗ ಕರೆಯೋದೂ ಇಲ್ಲ. ಮಂಡಿ ನೋವು ಅಂತ ಹೋದ್ರೆ ಸರದಿ ಬರೋ ಹೊತ್ಗೆ ಮಂಡೀನೇ ಸವೆದೋಗಿರ್ತದೆ. ಜರ್ಮನೀಲಿ ನೋಡಿ, ಎಲ್ರಿಗೂ ವಿಮೆ. ಬೇಕಾದ ಡಾಕ್ಟ್ರ ಹತ್ರ ಹೋಗ್ಬೋದು."

"ಸಂಬಳದಲ್ಲಿ ಕುಯ್ಕೋತಾರಲ್ಲ, ಅದನ್ನ ಯಾಕೆ ಹೇಳಲ್ಲ ನೀನು?"

ಮಧ್ಯೆ ಇಬ್ಬರೂ ಸೇರಿ ಅಮೆರಿಕಾಗೆ ಉಗಿಯುತ್ತಿದ್ದರು. ಅಷ್ಟರ ಮಟ್ಟಿಗೆ ಒಮ್ಮತ. ಕಾಫಿ ತಂದಿಟ್ಟರೆ ಯಾರು ತಂದರೆಂದೂ ನೋಡುತ್ತಿರಲಿಲ್ಲ. ನನಗೆ ಮೈ ಉರಿದುಹೋಗುತ್ತಿತ್ತು.

ಇದಕ್ಕೆಲ್ಲ ಕಾರಣ ನಮ್ಮ ಚಿಕ್ಕವ್ವ. ಅಮ್ಮನ ತಂಗಿ, ಹೆಮ್ಮಿಗೆಯಲ್ಲಿ ಒಬ್ಬಳೇ ಇರುವವಳು. ಮಕ್ಕಳಾಗಲಿಲ್ಲ, ಚಿಕ್ಕಪ್ಪ ತೀರಿಕೊಂಡು ಕೆಲವು ವರ್ಷಗಳಾಗಿತ್ತು. ಅವಳ ಪಿತ್ತಕೋಶದಲ್ಲಿ ಕಲ್ಲು. ನೋವು ಬಂದರೆ ಮುದುರಿಕೊಂಡು ಬಿದ್ದುಬಿಡುತ್ತಿದ್ದಳು. ಖರ್ಚಿಗೆ ಸರ್ಕಾರದ ಕಾರ್ಡಿತ್ತು. ಆದರೂ ಆಪರೇಷನ್ ಅಂದರೆ ಒಂದೊಂದು ಸಲ ಒಂದೊಂದು ನೆವ. ಎಮ್ಮೆ ಈಯಲಿ, ಅವರೆಕಾಯಿ ಮುಗಿಯಲಿ, ಪಕ್ಕದ ಮನೆ ಹುಡುಗಿಯ ಮದುವೆ ಆಗಲಿ. ಈ ಸಲ ಡಾಕ್ಟರು ಗದರಿಯೇ ಹೇಳಿದ್ದರು: ಇನ್ನೊಂದು ಸಲ ಹೀಗೆ ನೋವು ಬಂದು ಕೀವಾದರೆ ಜೀವಕ್ಕೇ ಅಪಾಯ. ಅವಳಿಗೆ ನಮ್ಮ ಸರ್ಕಾರಿ ಆಸ್ಪತ್ರೆಯ ಮೇಲೆ ನಂಬಿಕೆ ಇಲ್ಲವೆಂದು ಗಂಡಸರಿಬ್ಬರೂ ತೀರ್ಮಾನಿಸಿಬಿಟ್ಟರು. ಅಲ್ಲಿಂದ ಯಾವ ದೇಶದ್ದು ಒಳ್ಳೆಯದೆಂಬ ಚರ್ಚೆ ಹತ್ತಿಕೊಂಡಿತು.

ಆ ಭಾನುವಾರ ಚಿಕ್ಕವ್ವ ನಮ್ಮ ಮನೆಗೆ ಬಂದು, ನನ್ನ ಜೊತೆ ಹಾಲಿನಲ್ಲೇ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ಇದ್ದಕ್ಕಿದ್ದಂತೆ ಕೇಳಿದಳು:

"ಅಳಿಯಂದ್ರೇ, ಆ ಇಂಗ್ಲೆಂಡಲ್ಲೂ ಕೂಗ್ತಾರಾ?"

"ಏನಂತ ಅತ್ತೆ?"

"ಪೇಸೆಂಟ್ ಕಡೆಯೋರು ಯಾರು ಅಂತ."

ಇವರಿಗೆ ಹುರುಪೋ ಹುರುಪು. "ಅಲ್ಲಿ ಕಡೆಯೋರು ಬೇಕೇ ಇಲ್ಲ! ಊಟ, ಸ್ನಾನ, ಮಾತ್ರೆ ಎಲ್ಲಾ ನರ್ಸುಗಳೇ ನೋಡ್ಕೋತಾರೆ. ನೆಂಟರು ಬಂದು ಮಾತಾಡಿಸ್ಕೊಂಡು ಹೋದ್ರೆ ಆಯ್ತು."

"ಅಂಗಾರೆ ಒಳ್ಳೇ ದೇಸ ಕಣ್ರಪ್ಪ. ನಂಗೆ ಅಲ್ಲೇ ಮಾಡ್ಸಿ."

ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಚಿಕ್ಕವ್ವ ತಲೆ ಎತ್ತಲಿಲ್ಲ. ಹಿತುಕಿದ ಕಾಳನ್ನೇ ಮತ್ತೆ ಹಿತುಕುತ್ತಿದ್ದಳು.

ಅಡುಗೆಮನೆಗೆ ಕರೆದುಕೊಂಡು ಹೋಗಿ ದಬಾಯಿಸಿದೆ. "ಏನ್ ಚಿಕ್ಕವ್ವ ನಿನ್ ಕತೆ? ಸಾಯ್ಬೇಕು ಅಂತ ಮಾಡಿದ್ದೀಯಾ?"

ಅವಳು ಸೆರಗಿಗೆ ಕೈ ಒರೆಸಿಕೊಂಡಳು. "ನಿಮ್ ಚಿಕ್ಕಪ್ಪ ಆಸ್ಪತ್ರೇಲಿದ್ರಲ್ಲ ಮಗಾ, ನಾ ಗಂಜಿ ತರಾಕ್ ಓಗಿದ್ದೆ. ಬರೋ ಒತ್ಗೆ ಬಾಗ್ಲನ್ನೇ ನೋಡ್ತಾ ಮನಗಿದ್ರು. ಕಡೆಯೋರು ಯಾರು ಅಂತ ಎಷ್ಟ್ಸಲ ಕೂಗುದ್ರು ಕಣೇ, ಯಾರೂ ಓ ಅನ್ನಿಲ್ಲ ಅಂತ ನಂಗಂದ್ರು. ಅವ್ರಿಗಾರೆ ನಾನಿದ್ದೆ, ಗಂಜಿ ತರಾಕ್ ಓಗಿದ್ದೆ ಅಷ್ಟೆ. ನಂಗೆ ಯಾರವ್ವ ಓ ಅನ್ನೋರು?"

"ಯಾಕೆ, ನಾವೆಲ್ಲ ಸತ್ತೋಗಿದ್ದೀವಾ?" ಎಂದು ಕೂಗಿಯೇಬಿಟ್ಟೆ. ಸಿಟ್ಟೋ ಅಳುವೋ ನನಗೇ ಗೊತ್ತಾಗಲಿಲ್ಲ. ಹಾಲಿನಲ್ಲಿ ಜರ್ಮನಿ ಅಲ್ಲಿಗೇ ನಿಂತಿತು. ಬಾಗಿಲಲ್ಲಿ ಬಂದು ನಿಂತ ತಮ್ಮ "ಯಾವತ್ತು ಹೋಗೋದು ಹೇಳವ್ವಾ, ಅಂಗಡಿ ಮುಚ್ಚಿ ಬತ್ತೀನಿ," ಅಂದ.

ಆಸ್ಪತ್ರೆಗೆ ಸೇರಿಸಿದೆವು. ಆಪರೇಷನ್ ದಿನ ಇಬ್ಬರಿಗೂ ತಾಕೀತು ಮಾಡಿದ್ದೆ: ಕೂಗಿದ ತಕ್ಷಣ ಓ ಅನ್ನಬೇಕು, ಒಳಗಿರುವ ಅವಳಿಗೂ ಕೇಳಿಸಬೇಕು. ನಮ್ಮ ಯಜಮಾನರೋ, ಹೇಳಿದ್ದನ್ನು ಹೇಳಿದಂತೆ ಮಾಡುವ ಆಸಾಮಿ. ಯಾರ ಹೆಸರು ಕೂಗಲಿ, ಕೊನೆಗೆ "ಕಡೆಯವರು" ಅಂದರೆ ಸಾಕು, ಎದ್ದು ನಿಂತು "ಓ!" ಅನ್ನುವುದು.

"ಏನ್ ಸಾರ್, ಎಲ್ಲಾ ಪೇಶೆಂಟೂ ನಿಮ್ಮ ಕಡೆಯವರೇನಾ?" ಎಂದು ನರ್ಸಮ್ಮ ಗದರಿದಾಗ ಇಡೀ ಬೆಂಚು ಗೊಳ್ಳೆಂದಿತು. ಚಿಕ್ಕವ್ವನ ಹೆಸರು ಬಂದಾಗ ಇಬ್ಬರೂ ಒಟ್ಟಿಗೇ ಅರಚಿದರು. ತಮ್ಮನ ಕೈಯಲ್ಲಿದ್ದ ಕಾಫಿ ಅಂಗಿಯ ಮೇಲೆ ಚೆಲ್ಲಿತು. ತೆರೆದ ಬಾಗಿಲಾಚೆ ಟ್ರಾಲಿಯ ಮೇಲೆ ಮಲಗಿದ್ದ ಚಿಕ್ಕವ್ವ ಅವರನ್ನು ನೋಡಿ, ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ಕಾಣಲಿಲ್ಲ.

ಮಾರನೆಯ ದಿನ ವಾರ್ಡಿನಲ್ಲಿ ನೋಡಲು ಬಿಡುವ ಹೊತ್ತು. ಚಿಕ್ಕವ್ವ ಗೆಲುವಾಗಿದ್ದಳು. ಗಂಡಸರಿಬ್ಬರೂ ಅವಳ ಮಂಚದ ಬಳಿ ಕೂತು ಮೆತ್ತಗೆ ಮತ್ತೆ ಶುರುಮಾಡಿದ್ದರು, ಈ ಸಲ ಜಪಾನು. ಪಕ್ಕದ ಮಂಚದಲ್ಲಿ ಸೊರಗಿದ ಮುದುಕಿಯೊಬ್ಬಳು. ಬೆಳಗಿನಿಂದ ಅವಳ ಹತ್ತಿರ ಯಾರೂ ಬಂದಿರಲಿಲ್ಲ.

ನರ್ಸಮ್ಮ ಬಾಗಿಲಲ್ಲಿ ನಿಂತು ಕೂಗಿದಳು: "ಆರನೇ ಬೆಡ್ ಕಡೆಯವರು ಯಾರ್ರೀ?"

ಮುದುಕಿ ಬಾಗಿಲ ಕಡೆ ನೋಡಿದಳು. ನಮ್ಮ ಗಂಡಸರು ಜಪಾನಿನಲ್ಲೇ ಇದ್ದರು. ನರ್ಸಮ್ಮ ಮತ್ತೆ ಕೂಗಿದಳು.

"ಓ! ಇದ್ದೀವಿ ಕಣವ್ವಾ!"

ಚಿಕ್ಕವ್ವ. ಒಂದು ಕೈಯಲ್ಲಿ ಹೊಟ್ಟೆ ಒತ್ತಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ನನ್ನ ತಮ್ಮನ ಬೆನ್ನಿಗೆ ತಿವಿದಳು. "ಎದ್ದೇಳ್ಲಾ ಮಗಾ. ಏನ್ ಬೇಕಂತೋ ಕೇಳೋಗು."

ಆರನೇ ಬೆಡ್ಡಿನ ಮುದುಕಿ ಬಾಗಿಲಿಂದ ಕಣ್ಣು ಕಿತ್ತು ನಮ್ಮ ಕಡೆ ತಿರುಗಿದಳು.